ಇಆರ್‌ಪಿಗೆ ಸಹಿ ಹಾಕುವ ಮೊದಲು

ಚಿ. ಪ್ರಸನ್ನನಿಗೆ ಮಾವನ ಆಶೀರ್ವಾದಗಳು.

ಕಾರ್ಖಾನೆಗೆ ಇಆರ್‌ಪಿ, ಅಂದರೆ ಎಲ್ಲ ವಿಭಾಗಗಳ ಲೆಕ್ಕವನ್ನೂ ಒಂದೇ ಕಡೆ ಇಡುವ ಸಾಫ್ಟ್‌ವೇರ್, ಹಾಕಿಸುತ್ತಿದ್ದೀಯ ಎಂದು ನಿಮ್ಮಮ್ಮ ಹೇಳಿದಳು. ಕೇಳಿ ಖುಷಿಯಾಯಿತು. ಪೀಣ್ಯದಲ್ಲಿ ಸ್ಟೋರ್ಸು, ಪರ್ಚೇಸು ನೋಡಿಕೊಂಡೇ ಸರ್ವೀಸ್ ಮುಗಿಸಿದವನು ನಾನು. ಸೇಲ್ಸ್‌ನವರದು ಒಂದು ಲೆಕ್ಕ, ಅಕೌಂಟ್ಸ್‌ನವರದು ಇನ್ನೊಂದು ಲೆಕ್ಕ ಅನ್ನುವ ಜಗಳ ತಪ್ಪುವುದೇ ದೊಡ್ಡ ಲಾಭ. ಆರ್ಡರ್ ಬಂದ ಕೂಡಲೇ ಮಾಲು ಎಷ್ಟಿದೆ, ಏನು ತರಿಸಬೇಕು, ಯಾರಿಂದ ಎಷ್ಟು ಬಾಕಿ ಬರಬೇಕು, ಎಲ್ಲ ಒಂದೇ ಕಡೆ ಸಿಗುತ್ತದೆ.

ಆದರೆ ಡೆಮೊ ನೋಡಿ ಸಹಿ ಹಾಕಬೇಡ ಮಗು. ಮೊದಲು ಸ್ಟೋರ್ಸ್‌ನಲ್ಲಿ ನಾಲ್ಕು ದಿನ ಕೂತ್ಕೋ. ಒಂದೇ ಬೋಲ್ಟು ರ್‍ಯಾಕಿನ ಚೀಟಿಯಲ್ಲಿ ‘ಎಂ8 ಹೆಕ್ಸ್’, ರಿಜಿಸ್ಟರಿನಲ್ಲಿ ‘8 ಎಂಎಂ ಬೋಲ್ಟ್’, ಸಪ್ಲೈಯರ್ ಬಿಲ್ಲಿನಲ್ಲಿ ಮತ್ತೇನೋ ಆಗಿರುತ್ತದೆ. ಕೊಳ್ಳುವುದು ಕೆಜಿ ಲೆಕ್ಕ, ಕೊಡುವುದು ಒಂದೊಂದಾಗಿ ಎಣಿಸಿದ ಲೆಕ್ಕ. ಹಾಗೇ ತುಂಬಿಸಿದರೆ ಕಂಪ್ಯೂಟರಿಗೆ ಅದು ಮೂರು ಸಾಮಾನು. ಒಂದು ಹೆಸರಿನಲ್ಲಿ ಸ್ಟಾಕ್ ಸೊನ್ನೆ ಅಂತ ಹೊಸ ಆರ್ಡರ್ ಹೋಗುತ್ತದೆ, ಇನ್ನೊಂದು ಹೆಸರಿನಲ್ಲಿ ಮೂಟೆಗಟ್ಟಲೆ ಬಿದ್ದಿರುತ್ತದೆ. ಪ್ಲೇಟಿಂಗ್‌ಗೆ, ಅಂದರೆ ಲೋಹದ ಲೇಪ ಹಾಕಿಸಲು, ಚಲನ್ ಚೀಟಿ ಮೇಲೆ ಹೊರಗೆ ಹೋದ ಮಾಲಂತೂ ಎಷ್ಟೋ ಸಲ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಇದನ್ನೆಲ್ಲ ಸರಿಮಾಡುವುದು ನಿಮ್ಮ ಕೆಲಸ. ಸಾಫ್ಟ್‌ವೇರ್‌ನವರು ಮಾಡಿಕೊಡಲ್ಲ.

ನಿಮ್ಮ ಸ್ಟೋರ್‌ಕೀಪರ್ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇದ್ದೇ ಇರುತ್ತದೆ. ನಿಜವಾದ ಲೆಕ್ಕ ಅದರಲ್ಲೇ. ಐಟಂ ಪಟ್ಟಿ ಮಾಡುವಾಗ ಅವರನ್ನು ಪಕ್ಕದಲ್ಲೇ ಕೂರಿಸಿಕೋ. ಕೆಲಸ ಹೋಗುತ್ತದೇನೋ ಎಂಬ ಭಯ ಅವರಿಗೆ ಇರುತ್ತದಲ್ವಾ? ಹೋಗಲ್ಲ ಅಂತ ನೀನೇ ಬಾಯಿಬಿಟ್ಟು ಹೇಳು.

‘ನಾವು ಹಿಂದಿನಿಂದ ಹೀಗೇ ಮಾಡ್ತಿದ್ದೀವಿ, ಇದಕ್ಕೆ ತಕ್ಕಂತೆ ಬದಲಾಯಿಸಿ ಕೊಡಿ’ ಎಂದು ಎಲ್ಲರೂ ಕೇಳುತ್ತಾರೆ. ಅಲ್ಲಿ ಗಟ್ಟಿಯಾಗಿರು. ಜರ್ಮನಿಯ ಲಿಡ್ಲ್ ಸೂಪರ್‌ಮಾರ್ಕೆಟ್‌ನವರು ದಾಸ್ತಾನನ್ನು ಕೊಂಡ ಬೆಲೆಯಲ್ಲಿ ಲೆಕ್ಕ ಇಡುತ್ತಿದ್ದರು. ಅವರು ತಂದ ಎಸ್‌ಎಪಿ ಕಂಪನಿಯ ಸಾಫ್ಟ್‌ವೇರ್ ಮಾರುವ ಬೆಲೆಯಲ್ಲಿ ಇಡುತ್ತಿತ್ತು. ಪದ್ಧತಿ ಬಿಡಲು ಒಪ್ಪದೆ ಸಾಫ್ಟ್‌ವೇರನ್ನೇ ತಿದ್ದಿಸುತ್ತಾ ಹೋದರು. ಕೊನೆಗೆ 2018ರಲ್ಲಿ ಎಲ್ಲ ಕೈಬಿಟ್ಟರು. ಅಷ್ಟರಲ್ಲಿ ಸುಮಾರು 50 ಕೋಟಿ ಯೂರೊ ಖರ್ಚಾಗಿತ್ತು ಎಂದು ಪತ್ರಿಕೆಗಳಲ್ಲಿ ಬಂತು. ಜಿಎಸ್‌ಟಿ, ಇ-ಇನ್‌ವಾಯ್ಸ್‌ಗೆ ಬೇಕಾದ ಬದಲಾವಣೆ ಮಾಡಿಸು. ಉಳಿದದ್ದಕ್ಕೆ ನಿಮ್ಮ ಅಭ್ಯಾಸ ಬದಲಾಗಲಿ.

ಇನ್ನು ಶುರು ಮಾಡುವ ತಿಂಗಳು. ಏಪ್ರಿಲ್ 1 ಅಂತ ನಿಮ್ಮ ಆಡಿಟರ್ ಹೇಳಬಹುದು, ಲೆಕ್ಕಕ್ಕೆ ಅದು ಸಲೀಸು. ಆದರೆ ಮಾರ್ಚ್‌ನಲ್ಲಿ ಡಿಸ್ಪ್ಯಾಚ್ ಗಡಿಬಿಡಿ. ಆಗ ಸ್ಟಾಕ್ ಎಣಿಸುವವರು ಯಾರು? ಅಮೆರಿಕದ ಹರ್ಷಿ ಕಂಪನಿ 1999ರಲ್ಲಿ ಹ್ಯಾಲೋವೀನ್ ಹಬ್ಬದ ಆರ್ಡರುಗಳು ಬರುವ ಹೊತ್ತಿಗೇ ಹೊಸ ವ್ಯವಸ್ಥೆಗೆ ಹೋಯಿತು. ಗೋದಾಮಿನಲ್ಲಿ ಚಾಕೊಲೇಟ್ ಇದ್ದರೂ ಅಂಗಡಿಗೆ ಕಳಿಸಲಾಗದೆ ಒದ್ದಾಡಿತು. ನೀನು ಆರ್ಡರ್ ಕಡಿಮೆ ಇರುವ ತಿಂಗಳು ನೋಡಿಕೋ. ಒಂದೆರಡು ತಿಂಗಳು ಹಳೆಯ ರಿಜಿಸ್ಟರೂ ನಡೆಯಲಿ. ಜಾಸ್ತಿ ಕೆಲಸ ಆಗುತ್ತದೆ, ಆದರೂ ಬಿಡಬೇಡ.

ಸ್ಟಾಕ್ ಎಣಿಸುವ ದಿನ ಗೊತ್ತಾದ ಮೇಲೆ ಫೋನ್ ಮಾಡು. ನಾನೂ ಬಂದು ಲಿಸ್ಟ್ ಹಿಡಿದು ನಿಲ್ಲುತ್ತೇನೆ.

ಇಂತಿ,
ನಿನ್ನ ಮಾವ