ಭಾನುವಾರ ಕರುಗಳ ಕೊಂಬು ಸುಡಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಬೆಳಿಗ್ಗೆ 7ಕ್ಕೆ, ಕರುಗಳ ಕೊಂಬು ಬೆಳೆಯದಂತೆ ಮೊಳಕೆಯಲ್ಲೇ ಸುಡಲು, ಪಶುವೈದ್ಯರು ಚಿಂತಾಮಣಿಯ ನಮ್ಮ ಡೇರಿ ಅಂಗಳಕ್ಕೆ ಬರುತ್ತಾರೆ. ಎರಡು ತಿಂಗಳೊಳಗಿನ ಕರುಗಳನ್ನು ಮಾತ್ರ ಹೊಡೆದುಕೊಂಡು ಬನ್ನಿ.

ಈ ಸಲ ಮರಗಟ್ಟಿಸದೆ ಸುಡುವಂತಿಲ್ಲ. ಕಣ್ಣು ಮತ್ತು ಕೊಂಬಿನ ನಡುವೆ ಲಿಗ್ನೊಕೇನ್ ಚುಚ್ಚಿ, ಹತ್ತು ನಿಮಿಷ ಕಾದು, ಸೂಜಿ ತಾಗಿಸಿದರೂ ಕರು ತಲೆ ಕೊಡವದಿದ್ದರೆ ಮಾತ್ರ ಕಾದ ಕಬ್ಬಿಣ. ಆ ಮದ್ದು ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ, ನೋವು ಇಳಿಯುವುದಿಲ್ಲ. ಅದಕ್ಕೇ ನೋವು ತಗ್ಗಿಸುವ ಮೆಲಾಕ್ಸಿಕಾಮ್ ಕೂಡ ಕೊಡಿಸುತ್ತೇವೆ. ಹೋದ ವರ್ಷ ಮದ್ದಿಲ್ಲದೆ ಸುಡಿಸಿದ ನನ್ನ ಕರು ಎರಡು ದಿನ ಹಾಲಿಗೆ ಬಾಯಿ ಹಾಕಲಿಲ್ಲ.

ನೋವಿಗೆಂದು ಮನೆಯಲ್ಲಿರುವ ಡೈಕ್ಲೋಫೆನಾಕ್ ಚುಚ್ಚಬೇಡಿ. ಸತ್ತ ದನದ ಮಾಂಸ ತಿಂದ ರಣಹದ್ದುಗಳನ್ನು ಕೊಲ್ಲುವ ಆ ಮದ್ದು 2006ರಿಂದಲೇ ಜಾನುವಾರುಗಳಿಗೆ ನಿಷಿದ್ಧ.

ಎಷ್ಟು ಕರು ಎಂದು ಶುಕ್ರವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ. ಬರೀ ಹೆಬ್ಬೆಟ್ಟಿನ ಚಿತ್ರ ಹಾಕಿದರೆ ಲೆಕ್ಕ ಸಿಗುವುದಿಲ್ಲ.