ಗಾರೆ ಕೆಲಸ ಕಲಿಯುವವರು ಬೇಕು

ಮಾನ್ಯ ಸಂಪಾದಕರೇ,

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋಗಿದ್ದು 2012ರಲ್ಲಿ. ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿದ್ದು 2016ರಲ್ಲಿ. ಆಮೇಲೆ ಕೆಡವಬೇಕೋ ಉಳಿಸಬೇಕೋ ಅನ್ನುವ ವಾದವೇ ಜಾಸ್ತಿ ಆಯಿತು. ನಮ್ಮೂರಿನ ಆರ್ಕಿಟೆಕ್ಟ್‌ಗಳಿಗೆ ಇಂಥ ಹಳೆ ಕಟ್ಟಡ ಉಳಿಸುವುದು ಕಷ್ಟದ ಕೆಲಸ. ಹಾಗೇ ದೊಡ್ಡ ಅವಕಾಶವೂ ಹೌದು ಅಲ್ವಾ?

ನಮ್ಮ ಹಳೆ ಮನೆಯ ಗೋಡೆಗೆ ಸಿಮೆಂಟ್ ಮೆತ್ತಿಸಿದ್ದೆವು. ಎರಡೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಉಬ್ಬಿ ಎದ್ದಿತು. ಸುಣ್ಣದ ಗಾರೆಯಾದರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ ಎಂದು ತಿಳಿಸಿ ಹೇಳಿದ್ದು ವಯಸ್ಸಾದ ಗಾರೆ ಕೆಲಸದವರು. ಅವರ ಕೈಕೆಳಗೆ ಕಲಿಯುವವರೇ ಇಲ್ಲ. ಆರ್ಕಿಟೆಕ್ಚರ್ ಓದುವ ಮಕ್ಕಳನ್ನು ಒಂದು ಸೆಮಿಸ್ಟರ್ ಅವರ ಜೊತೆ ಕೆಲಸಕ್ಕೆ ಬಿಡಿ.

– ಓದುಗ, ಮೈಸೂರು