ನಡುಕ ನಿಂತ ಮೇಲೆ, ನಮ್ಮ ಮಂಡಕ್ಕಿಯ ಪರವಾಗಿ

ನಮ್ಮ ನಾಯಿ ಮಂಡಕ್ಕಿಗೆ ಕೊಡುತ್ತಿದ್ದ ಕಾಲು ಮಾತ್ರೆಯೂ ನಿಂತು ತಿಂಗಳ ಮೇಲಾಯಿತು. ನಡುಕ ಮರಳಿಲ್ಲ. ಇನ್ನು ತೊಂದರೆ ಕಂಡರೆ ಮಾತ್ರ ಬನ್ನಿ ಎಂದು ವೈದ್ಯರು ಹೇಳಿ ಕಳುಹಿಸಿದ್ದಾರೆ. ಮಳೆಗಾಲದ ಆರಂಭದಿಂದ ಈ ಸಂಕ್ರಾಂತಿಯವರೆಗೆ ನಮ್ಮ ಮನೆಗೆ ಬಂದವರೆಲ್ಲ ಚಪ್ಪಲಿ ಬಿಡುವ ಮೊದಲೇ ನಾಯಿ ಹೇಗಿದೆ ಎಂದು ಕೇಳಿದ್ದಾರೆ. ನನ್ನ ಆರೋಗ್ಯ ವಿಚಾರಿಸಿದವರು ಕಡಿಮೆ, ಅದಕ್ಕೆ ಬೇಸರವೇನೂ ಇಲ್ಲ. ಅವರಿಗೆಲ್ಲ ಬಾಯಲ್ಲಿ ಹೇಳಿದ್ದು ಸಾಲದೆನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅವಳನ್ನು ನೋಡದವರಿಗಾಗಿ ಎರಡು ಮಾತು. ಮಂಡಕ್ಕಿ ಆರು ಕಿಲೋ ತೂಗುವ ಬಿಳಿಯ ಹೆಣ್ಣು ನಾಯಿ. ನಮ್ಮ ಸಾಗರದಲ್ಲಿ ಇಂಥವನ್ನೆಲ್ಲ ಪಾಮೇರಿಯನ್ ಎನ್ನುವುದು ರೂಢಿ, ಬಲ್ಲವರು ಇಂಡಿಯನ್ ಸ್ಪಿಟ್ಜ್ ಎಂದು ತಿದ್ದುತ್ತಾರೆ. ಕಳೆದ ಜೂನ್‌ನಲ್ಲಿ, ಎರಡು ವರ್ಷ ತುಂಬಿದ ಹೊಸತರಲ್ಲಿ, ತಲೆ ಸಣ್ಣಗೆ ಅದುರಲು ಶುರುವಾಯಿತು. ಕೆಲವೇ ದಿನಗಳಲ್ಲಿ ಅದು ಮೈಗೆಲ್ಲ ಹಬ್ಬಿತು. ಅನ್ನಕ್ಕೆ ಬಾಯಿ ಹಾಕಿದರೆ ಮೂಗು ತಟ್ಟೆಯ ಅಂಚಿಗೆ ಬಡಿಯುತ್ತಿತ್ತು. ಕಾಲುಗಳನ್ನು ಅಗಲಿಸಿಕೊಂಡು ತೂರಾಡುತ್ತಿದ್ದಳು, ಕಣ್ಣುಗುಡ್ಡೆಗಳು ಕೂಡ ಗೊತ್ತುಗುರಿಯಿಲ್ಲದೆ ಹೊಯ್ದಾಡುತ್ತಿದ್ದವು. ಯಾರಾದರೂ ಬಂದು ಅವಳಿಗೆ ಖುಷಿಯಾದರೆ ನಡುಕ ಇನ್ನೂ ಜೋರು. ಹಾಗೆಂದು ಅದು ಮೂರ್ಛೆಯೂ ಅಲ್ಲ. ಪ್ರಜ್ಞೆ ತಪ್ಪಲಿಲ್ಲ, ಜೊಲ್ಲು ಸುರಿಯಲಿಲ್ಲ, ಹೆಸರು ಹಿಡಿದು ಕರೆದರೆ ಬೀಳುತ್ತಾ ಏಳುತ್ತಾ ಬಂದೇ ಬರುತ್ತಿದ್ದಳು.

ಮೊದಲ ಋಣ ಬೇಲಿಯಾಚೆಯ ತೋಟದವರದು. ಆ ವಾರವೇ ಅವರು ಅಡಿಕೆ ಸಸಿಗಳ ಬುಡಕ್ಕೆ ಬಸವನಹುಳುವಿನ ಗುಳಿಗೆ ಹಾಕಿಸಿದ್ದರು. ಆಫ್ರಿಕದ ದೈತ್ಯ ಬಸವನಹುಳುವಿನ ಕಾಟ ಅನುಭವಿಸಿದವರಿಗೆ ಆ ಗುಳಿಗೆಯೂ ಗೊತ್ತಿರುತ್ತದೆ, ಅದರಲ್ಲಿರುವುದು ಮೆಟಾಲ್ಡಿಹೈಡ್ ಎಂಬ ವಿಷ. ನಾಯಿ ಅದನ್ನು ತಿಂದರೆ ಮೈಯೆಲ್ಲ ನಡುಗಿ, ಮೈ ಕಾದು ಸಾಯುವುದುಂಟು. ಸುದ್ದಿ ಕಿವಿಗೆ ಬಿದ್ದ ರಾತ್ರಿಯೇ ಅವರು ಮಳೆಯಲ್ಲಿ ನೆನೆಯುತ್ತಾ ಗುಳಿಗೆಯ ಚೀಲವನ್ನೇ ಹಿಡಿದು ಬಂದರು. "ಹಾಕಿಸಿದ್ದು ನಾನು. ಡಾಕ್ಟರಿಗೆ ಇದನ್ನು ತೋರಿಸಿ" ಎಂದರು. ಊರಲ್ಲಿ ನಾಯಿ ವಿಷ ತಿಂದು ಸತ್ತರೆ ಇಟ್ಟವರು ಯಾರೆಂದು ಎಂದೂ ಹೊರಬರುವುದಿಲ್ಲ. ಅಂಥದ್ದರಲ್ಲಿ ತಾವಾಗಿಯೇ ಚೀಲ ಹಿಡಿದು ಬಂದವರನ್ನು ನಾನು ಕಂಡದ್ದು ಇವರೊಬ್ಬರನ್ನೇ.

ಆ ಚೀಲದಿಂದ ಒಂದು ದೊಡ್ಡ ಅನುಮಾನ ಬೇಗ ಕಳೆಯಿತು. ಮೆಟಾಲ್ಡಿಹೈಡ್ ಹೊಟ್ಟೆಗೆ ಹೋದರೆ ಕೆಲವೇ ಗಂಟೆಗಳಲ್ಲಿ ಎಲ್ಲವೂ ಉಗ್ರವಾಗುತ್ತದೆ, ಹೀಗೆ ದಿನದಿಂದ ದಿನಕ್ಕೆ ನಿಧಾನವಾಗಿ ಏರುವುದಿಲ್ಲ ಎಂದರು ವೈದ್ಯರು. ಮಂಡಕ್ಕಿಯ ಮೈಬಿಸಿ 102 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ನಾಯಿಗಳಿಗೆ ಅದು ಸಹಜವಂತೆ, ಅಂಕಿ ಕೇಳಿ ಎದೆ ಹೊಡೆದುಕೊಂಡದ್ದು ನನ್ನದು. ಈಗ ತೋಟದವರು ಗುಳಿಗೆ ಬಿಟ್ಟು ಸಂಜೆ ಹೊತ್ತು ಹುಳುಗಳನ್ನು ಕೈಯಿಂದಲೇ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುತ್ತಿದ್ದಾರೆ. ನಾನು ಕೇಳಿಕೊಂಡಿರಲಿಲ್ಲ.

ಇನ್ನೊಂದು ಋಣ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು, ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನದು. ಮಧ್ಯಾಹ್ನ ನೆಲ ಒರೆಸುವಾಗ ಮಂಡಕ್ಕಿ ಕುರ್ಚಿಯಡಿ ಮಲಗಿರುತ್ತಾಳೆ. "ನಿದ್ದೆ ಹತ್ತಿದರೆ ಒಂದು ಕೂದಲೂ ಅಲ್ಲಾಡುವುದಿಲ್ಲ, ನೋಡಿ" ಎಂದು ಆಕೆ ತನ್ನ ಮೊಬೈಲಿನಲ್ಲಿ ಹಿಡಿದಿಟ್ಟ ವಿಡಿಯೊ ತೋರಿಸಿದಳು. ಆ ವಿಡಿಯೊ ಎಷ್ಟು ಬೆಲೆಯದು ಎಂಬುದು ತಿಳಿದದ್ದು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ. ಅಲ್ಲಿ ಕೇಳಿದ ಮೊದಲ ಕೆಲವು ಪ್ರಶ್ನೆಗಳಲ್ಲಿ ಅದೂ ಒಂದು: ನಿದ್ದೆಯಲ್ಲಿಯೂ ನಡುಗುತ್ತಾಳೆಯೇ? ಡಿಸ್ಟೆಂಪರ್ ಎಂಬ ವೈರಸ್ ರೋಗ ಮೆದುಳಿಗೆ ಏರಿದರೆ ಕಾಲೋ ದವಡೆಯೋ ಒಂದೇ ತಾಳದಲ್ಲಿ ಸೆಳೆಯುತ್ತಿರುತ್ತದೆ, ಎಷ್ಟೋ ನಾಯಿಗಳಲ್ಲಿ ನಿದ್ದೆಯಲ್ಲಿಯೂ ಆ ಸೆಳೆತ ನಿಲ್ಲುವುದಿಲ್ಲ. ಮಂಡಕ್ಕಿಯದು ಹಾಗಿರಲಿಲ್ಲ, ಲಸಿಕೆಯ ಕಾರ್ಡೂ ಸರಿಯಾಗಿತ್ತು. ವೈದ್ಯರು ಆ ವಿಡಿಯೊವನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು, ಸುತ್ತ ನಿಂತಿದ್ದ ವಿದ್ಯಾರ್ಥಿಗಳಿಗೂ ತೋರಿಸಿದರು. ಮನೆಗೆ ಬಂದು ಹೇಳಿದರೆ ಅಕ್ಕ ನಂಬಲಿಲ್ಲ, ಆಮೇಲೆ ನಂಬಿ ಇಡೀ ಕೇರಿಗೆ ಹೇಳಿದಳು.

ಈಗ ಆ ವೈದ್ಯರ ಮಾತು. ಅಲ್ಲಿಗೆ ಹೋಗುವ ಮೊದಲು ಒಂದು ಕಡೆ ಚಳಿಗೆ ಹೀಗಾಗುತ್ತದೆ ಎಂದು ಕ್ಯಾಲ್ಸಿಯಂ ಸಿರಪ್ ಬರೆದಿದ್ದರು, ಇನ್ನೊಂದು ಕಡೆ ಮುಟ್ಟಿಯೂ ನೋಡದೆ "ಇದನ್ನು ನರಳಿಸಬೇಡಿ" ಎಂದಿದ್ದರು. ಇಲ್ಲಿ ಮಾತ್ರ ಮಂಡಕ್ಕಿಯನ್ನು ನೆಲದ ಮೇಲೆ ಬಿಟ್ಟು, ತಾವೂ ನೆಲದ ಮೇಲೆಯೇ ಕುಳಿತು, ಅವಳು ನಡೆಯುವುದನ್ನು ಸುಮ್ಮನೆ ನೋಡಿದರು. ಪಾದವನ್ನು ಮಡಚಿ ಇಟ್ಟು ಅವಳೇ ಅದನ್ನು ನೇರ ಮಾಡಿಕೊಳ್ಳುತ್ತಾಳೆಯೇ ಎಂದು ಪರೀಕ್ಷಿಸಿದರು. ಕಣ್ಣಿನ ಹತ್ತಿರ ಕೈ ತಂದು ರೆಪ್ಪೆ ಬಡಿಯುತ್ತಾಳೆಯೇ ಎಂದು ನೋಡಿದರು. ರಕ್ತದಲ್ಲಿ ಸಕ್ಕರೆ, ಕ್ಯಾಲ್ಸಿಯಂ, ಯಕೃತ್ತು, ಮೂತ್ರಪಿಂಡ, ಉಣ್ಣಿ ಕಚ್ಚಿ ಬರುವ ಜ್ವರ ಎಲ್ಲದರ ಪರೀಕ್ಷೆಯೂ ಆಯಿತು. ಎಲ್ಲವೂ ಸರಿಯಾಗಿತ್ತು. ವರದಿಗಳು ಚೆನ್ನಾಗಿ ಬಂದಷ್ಟೂ ನನಗೆ ಅಳು ಬರುತ್ತಿತ್ತು.

ಅವರು ಕಾಗದದ ಮೇಲೆ ಮೆದುಳಿನ ಚಿತ್ರ ಬರೆದು ತೋರಿಸಿದರು. ಎಳೆಯ ವಯಸ್ಸಿನ ಸಣ್ಣ ನಾಯಿಗಳಿಗೆ ಹೀಗೊಂದು ನಡುಕ ಬರುವುದುಂಟು, ಮೊದಮೊದಲು ಬಿಳಿಯ ನಾಯಿಗಳಲ್ಲಿಯೇ ಹೆಚ್ಚಾಗಿ ಕಂಡದ್ದು, ಈಗ ಬೇರೆ ಬಣ್ಣದವುಗಳಲ್ಲಿಯೂ ಕಾಣುತ್ತದೆ. ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಕಿರುಮೆದುಳನ್ನು ಕೆರಳಿಸುತ್ತದೆ ಎಂಬುದು ಊಹೆ, ಏಕೆ ತಪ್ಪುತ್ತದೆ ಎಂದು ಯಾರೂ ಹೇಳಲಾರರು. ಇದನ್ನು ಹಿಡಿದುಕೊಡುವ ಒಂದು ಪರೀಕ್ಷೆ ಇಲ್ಲ, ಬೇರೆಯವನ್ನೆಲ್ಲ ಒಂದೊಂದಾಗಿ ತಳ್ಳಿಹಾಕಬೇಕು. ಎಂಆರ್‌ಐ ಬೇಕೆಂದರೆ ಅರಿವಳಿಕೆ ಕೊಡಬೇಕು, ಬೆಂಗಳೂರಿಗೆ ಹೋಗಬೇಕು. ಸೋಂಕಿನ ಅನುಮಾನ ಕಡಿಮೆಯಾಗಿರುವುದರಿಂದ ಸ್ಟೀರಾಯ್ಡ್ ಶುರುಮಾಡೋಣ, ಒಂದು ವಾರದಲ್ಲಿ ಬದಲಾವಣೆ ಕಾಣದಿದ್ದರೆ ನನ್ನ ಊಹೆ ತಪ್ಪು, ಆಗ ಬೆಂಗಳೂರು ಎಂದರು. ಇಷ್ಟು ನೇರವಾಗಿ, ಸೋಲುವ ದಾರಿಯನ್ನೂ ಮೊದಲೇ ಹೇಳಿ, ನನ್ನೊಡನೆ ಯಾವ ವೈದ್ಯರೂ ಮಾತನಾಡಿರಲಿಲ್ಲ, ನನಗೇ ಕಾಯಿಲೆಯಾದಾಗಲೂ. ವಾರ ತುಂಬುವ ಮೊದಲೇ ಮಂಡಕ್ಕಿಯ ಮೂಗು ತಟ್ಟೆಯ ಅಂಚಿಗೆ ಬಡಿಯುವುದು ನಿಂತಿತು.

ಆಮೇಲಿನ ತಿಂಗಳುಗಳು ಪ್ರೆಡ್ನಿಸೊಲೋನ್ ಎಂಬ ಆ ಸ್ಟೀರಾಯ್ಡ್ ಮಾತ್ರೆಯವು. ನೀರು, ಮತ್ತೆ ನೀರು, ಮತ್ತೆ ಅಂಗಳ. ಹೊಟ್ಟೆ ಜೋತುಬಿತ್ತು, ಹಸಿವು ಎಷ್ಟೆಂದರೆ ಹಲಸಿನ ಬೀಜದ ಡಬ್ಬಿಗೂ ಕಾವಲು ಬೇಕಾಯಿತು. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ, ಅವಸರ ಮಾಡಿದರೆ ನಡುಕವೂ ಮರಳುತ್ತದೆ. ನೋವಿನ ಮಾತ್ರೆಯನ್ನು ಜೊತೆಗೆ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು. ಪೇಟೆಯ ಔಷಧದಂಗಡಿಯ ಹುಡುಗ ಒಂದೊಂದು ಮಾತ್ರೆಯನ್ನೂ ಅರ್ಧ, ಕಾಲು ಎಂದು ಕತ್ತರಿಸಿ, ಪೊಟ್ಟಣದ ಮೇಲೆ ವಾರದ ಹೆಸರು ಬರೆದು ಕೊಡುತ್ತಿದ್ದ. ಅಂಗಡಿಯ ಜನದಟ್ಟಣೆಯಲ್ಲಿ ಅದು ಸಣ್ಣ ಕೆಲಸವಲ್ಲ. ಮಾತ್ರೆಯ ಪ್ರಮಾಣ ಕೇಳಿ ಫೋನ್ ಮಾಡಿದ ಕೆಲವರಿಗೆ ನಾನು ಹೇಳಲಿಲ್ಲ, ಸಿಟ್ಟಾಗಬೇಡಿ. ನಿಮ್ಮ ನಾಯಿಯ ನಡುಕ ಡಿಸ್ಟೆಂಪರಿನದಾಗಿದ್ದರೆ ಇದೇ ಔಷಧ ಅದನ್ನು ಕೊಂದೀತು.

ಕಚೇರಿಯಲ್ಲಿ ಕಡತದ ಕೋಣೆಯ ಮೂಲೆಯನ್ನು ಮಂಡಕ್ಕಿಗೆ ಬಿಟ್ಟುಕೊಟ್ಟ ಸಹೋದ್ಯೋಗಿಗಳಿಗೆ ನಮಸ್ಕಾರ. ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದೆವು, ದೃಷ್ಟಿ ತಾಗಿದವಳೊಬ್ಬಳೇ ಕೆಮ್ಮಲಿಲ್ಲ. ಗುಣವಾದದ್ದು ಅದರಿಂದಲೇ ಎಂದು ಅಮ್ಮ ಈಗಲೂ ಹೇಳುತ್ತಾಳೆ, ನಾನು ವಾದಿಸಲು ಹೋಗಿಲ್ಲ.

ಕೊನೆಗೆ ಓಮ್ನಿಯ ಅಣ್ಣ. ಸಾಗರದಿಂದ ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರ್ ದಾಟುತ್ತದೆ, ಮಳೆಯಲ್ಲಿ ಅದು ಇನ್ನೂ ಉದ್ದ. ಕತ್ತಲಿರುವಾಗಲೇ ಬಂದು ನಿಲ್ಲುತ್ತಿದ್ದರು, ಸ್ಟೀರಾಯ್ಡ್ ಮಹಿಮೆಯಿಂದ ಹಿಂದಿನ ಸೀಟು ಒದ್ದೆಯಾದಾಗಲೆಲ್ಲ ತಾವೇ ಚಿಂದಿ ಬಟ್ಟೆ ಹುಡುಕುತ್ತಿದ್ದರು. ಸೀಟಿನ ಕವರ್ ಬದಲಿಸುವ ಹಣ ಎಷ್ಟು ಒತ್ತಾಯಿಸಿದರೂ ಮುಟ್ಟಲಿಲ್ಲ. ಮಂಡಕ್ಕಿಗೆ ಮಾತ್ರ ಈ ಉಪಕಾರದ ನೆನಪಿಲ್ಲ, ಆ ಬಿಳಿ ಓಮ್ನಿ ತಿರುವಿನಲ್ಲಿ ಕಂಡರೂ ಸಾಕು, ಬೊಗಳಿ ಬೊಗಳಿ ಗಂಟಲು ಹರಿದುಕೊಳ್ಳುತ್ತಾಳೆ. ಅವಳ ಪರವಾಗಿ ಕ್ಷಮೆಯನ್ನೂ ಇಲ್ಲಿಯೇ ಕೇಳಿಬಿಡುತ್ತೇನೆ, ಕವರಿನ ಹಣವನ್ನು ಯುಗಾದಿಯ ಹೊತ್ತಿಗೆ ಅವರ ಹೆಂಡತಿಯ ಕೈಗೆ ಮುಟ್ಟಿಸುವುದೆಂದು ಅಮ್ಮ ಆಗಲೇ ತೀರ್ಮಾನಿಸಿದ್ದಾಳೆ.